ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ: ಕೊಡಗಿನ ಮನೆಗಳಿಗೆ ಹಂತ ಹಂತದ ಆರೈಕೆ

ಕಾಳುಮೆಣಸು ಕೊಯ್ಲು ಶುರುವಾದರೆ ಏಣಿಯಿಂದ ಬಿದ್ದವರು ಬರುತ್ತಾರೆ. ಮಳೆಗಾಲಕ್ಕೆ ಮುಂಚೆ ಮರ ಕಪಾತು ಮಾಡುವಾಗ ಬಿದ್ದವರು ಬರುತ್ತಾರೆ. ಮಳೆ ಹಿಡಿದ ಮೇಲೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿದವರ ಸರದಿ. ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ, ಪ್ಲಾಸ್ಟರ್ ಹಾಕಿ ಮನೆಗೆ ಕಳಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ.

ವಾರ ಕಳೆದು ಮತ್ತೆ ತೋರಿಸಲು ಬರುವಾಗ ಪ್ಲಾಸ್ಟರ್ ಮೆತ್ತಗಾಗಿರುತ್ತದೆ. ಇಲ್ಲವೇ ಹಿಮ್ಮಡಿಯಲ್ಲಿ ಹುಣ್ಣಾಗಿರುತ್ತದೆ, ಬೆರಳು ಊದಿ ಮಡಚಲು ಬರುತ್ತಿರುವುದಿಲ್ಲ. ಮನೆಯವರು ಕಷ್ಟಪಟ್ಟೇ ನೋಡಿಕೊಂಡಿರುತ್ತಾರೆ. ಆದರೆ ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡಿರುತ್ತಾರೆ. ಕಾಲು ಸೂಪು, ರಾಗಿ ಗಂಜಿ ಮೊದಲ ದಿನವೇ ಶುರು; ಬೆರಳಿನ ಬಣ್ಣ ನೋಡುವುದು ನಾಲ್ಕನೇ ದಿನ. ಈ ಕ್ರಮ ತಲೆಕೆಳಗಾಗಬೇಕು. ಮೊದಲು ರಕ್ತಸಂಚಾರ, ಆಮೇಲೆ ಊತ, ಆಮೇಲೆ ಪ್ಲಾಸ್ಟರಿನ ಒಣಗುವಿಕೆ. ಊಟದ ಮಾತು ಅದರ ನಂತರ.

## ಮೊದಲೇ ಕೂಡಿಟ್ಟುಕೊಳ್ಳಬೇಕಾದ್ದು

ಗಟ್ಟಿಯಾದ ದಿಂಬು ಮೂರ್ನಾಲ್ಕು, ಹಳೆಯ ಹತ್ತಿ ಬಟ್ಟೆ, ಚಾರ್ಜ್ ಮಾಡಿಟ್ಟ ಟಾರ್ಚ್, ದೊಡ್ಡ ಪ್ಲಾಸ್ಟಿಕ್ ಚೀಲ ಮತ್ತು ಅಂಟುಪಟ್ಟಿ, ಬೆಡ್‌ಪ್ಯಾನ್ ಅಥವಾ ಕಮೋಡ್ ಕುರ್ಚಿ, ಒಂದು ನೋಟ್‌ಬುಕ್, ಪೆನ್ನು. ಕಾಲಿನ ಮುರಿತವಾದರೆ ಊರುಗೋಲು ಅಥವಾ ವಾಕರ್. ಅದರ ತುದಿಯ ರಬ್ಬರ್ ಸವೆದಿದ್ದರೆ ಮನೆಗೆ ತರುವ ಮುಂಚೆಯೇ ಬದಲಾಯಿಸಿ. ರೆಡ್ ಆಕ್ಸೈಡ್ ನೆಲ, ಒದ್ದೆ ಜಗಲಿ, ಸವೆದ ರಬ್ಬರ್ ಮೂರೂ ಸೇರಿದರೆ ಎರಡನೇ ಮುರಿತ ಖಂಡಿತ.

ಟಾರ್ಚ್ ಯಾಕೆ ಅಂದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಬೆರಳಿನ ಬಣ್ಣವನ್ನು ಮೇಣದಬತ್ತಿ ಬೆಳಕಲ್ಲಿ ನೋಡಿದರೆ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ.

## ಹಂತ 1: ಆಸ್ಪತ್ರೆಯಿಂದ ಹೊರಡುವ ಮುಂಚೆ

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಜೀಪ್ ಹತ್ತಬೇಡಿ. ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಇದು ಪೂರ್ತಿ ಪ್ಲಾಸ್ಟರೋ, ಒಂದು ಬದಿಗೆ ಮಾತ್ರ ಕೂರಿಸಿದ ಸ್ಲ್ಯಾಬೋ? ಪಿ.ಒ.ಪಿ.ಯೋ (ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಬಿಳಿ ಪುಡಿಯ ಮಾಮೂಲಿ ಪ್ಲಾಸ್ಟರ್), ಫೈಬರೋ? ಕಾಲನ್ನು ನೆಲಕ್ಕೆ ಊರಬಹುದೇ, ಊರಿದರೆ ಎಷ್ಟು ಭಾರ? ಯಾವ ಕೀಲನ್ನು ಆಡಿಸಬೇಕು, ಯಾವುದನ್ನು ಆಡಿಸಬಾರದು? ಮುಂದಿನ ಎಕ್ಸ್‌ರೇ ಯಾವತ್ತು? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಪೆಟ್ಟಾದ ಕೈ ಅಥವಾ ಕಾಲಿನ ಉಂಗುರ, ಬಳೆ, ಕಾಲುಂಗುರ ಎಲ್ಲ ತೆಗೆದಿರಬೇಕು. ಕಾಲುಂಗುರ ತೆಗೆಯಲು ಮನೆಯ ಹಿರಿಯರು ಒಪ್ಪದೇ ಇರುವುದುಂಟು. ಅಂಥವರಿಗೆ ವಿಷಯವನ್ನು ನೇರವಾಗಿ ಹೇಳಿ: ಬೆರಳು ಊದಿದ ಮೇಲೆ ಉಂಗುರ ಹೊರಗೆ ಬರುವುದಿಲ್ಲ, ರಕ್ತ ಒಳಗೆ ಹೋಗುವುದಿಲ್ಲ. ಮೂಳೆ ಕೂಡಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು.

ಮನೆಗೆ ಹೋಗುವ ದಾರಿಯಲ್ಲೂ ಎಚ್ಚರ ಬೇಕು. ಮಡಿಕೇರಿಯಿಂದ ಒಳಗಿನ ತೋಟಗಳಿಗೆ ಗಂಟೆಗಟ್ಟಲೆ ತಿರುವು ರಸ್ತೆ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿದರೆ ಮನೆ ಮುಟ್ಟುವಷ್ಟರಲ್ಲಿ ಪಾದ ಊದಿರುತ್ತದೆ. ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಕೂರಿಸಿ, ಕಾಲ ಕೆಳಗೆ ದಿಂಬು ಕೊಡಿ.

## ಹಂತ 2: ಮೊದಲ 48 ಗಂಟೆ, ಬೆರಳಿನ ತಪಾಸಣೆ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ.

ಮುರಿದ ಜಾಗದಲ್ಲಿ ರಕ್ತ, ನೀರು ಸೇರಿ ಮಾಂಸಖಂಡ ಊದುತ್ತದೆ. ಹೊರಗೆ ಪ್ಲಾಸ್ಟರ್ ಗಟ್ಟಿಯಾಗಿ ನಿಂತಿರುವುದರಿಂದ ಊತಕ್ಕೆ ಜಾಗವಿಲ್ಲ. ಒಳಗಿನ ಒತ್ತಡ ಏರುತ್ತಾ ಹೋಗಿ ರಕ್ತನಾಳ, ನರ ಎರಡನ್ನೂ ಅಮುಕುತ್ತದೆ. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಸುಮಾರು ಆರು ಗಂಟೆ ಹೀಗೇ ಬಿಟ್ಟರೆ ಮಾಂಸಖಂಡ, ನರಗಳಿಗೆ ಮರಳಿ ಬಾರದ ಹಾನಿಯಾಗಬಹುದು. ಹಾಗಾಗಿ "ಬೆಳಗಾಗಲಿ ನೋಡೋಣ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಮೊದಲ ದಿನ ಎಚ್ಚರವಿರುವಾಗ ಗಂಟೆಗೊಮ್ಮೆ, ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ನೋಡಿ. ಎರಡನೇ ದಿನ ಎರಡು ಗಂಟೆಗೊಮ್ಮೆ, ಆಮೇಲೆ ದಿನಕ್ಕೆ ಮೂರ್ನಾಲ್ಕು ಸಲ. ಪ್ರತಿ ಸಲವೂ ಇದೇ ಕ್ರಮ:

1. ಬಣ್ಣ. ಟಾರ್ಚ್ ಬಿಟ್ಟು ಎರಡೂ ಪಾದದ ಬೆರಳುಗಳನ್ನು ಪಕ್ಕಪಕ್ಕ ನೋಡಿ. ಬಿಳಿಚಿಕೊಂಡಿದೆಯೇ, ನೀಲಿಯಾಗಿದೆಯೇ? ಮೈಬಣ್ಣ ಕಪ್ಪಾಗಿದ್ದರೆ ಉಗುರಿನಡಿ ಮತ್ತು ಬೆರಳ ತುದಿಯ ಕೆಳಭಾಗದಲ್ಲಿ ನೋಡಿ. ಉಗುರುಬಣ್ಣ ಇದ್ದರೆ ಮೊದಲು ಒರೆಸಿ ತೆಗೆಯಿರಿ.
2. ಉಗುರು ಒತ್ತುವುದು. ಹೆಬ್ಬೆರಳ ಉಗುರನ್ನು ನಿಮ್ಮ ಹೆಬ್ಬೆರಳಿನಿಂದ ಒತ್ತಿ. ಬೆಳ್ಳಗಾಗುತ್ತದೆ. ಬಿಡಿ. "ಒಂದು, ಎರಡು" ಎಂದು ಎಣಿಸುವಷ್ಟರಲ್ಲಿ ಕೆಂಪು ಮರಳಬೇಕು. ಹೆಚ್ಚು ಹೊತ್ತು ಬೆಳ್ಳಗೇ ಉಳಿದರೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ಚಳಿಯಲ್ಲಿ ಯಾರಿಗಾದರೂ ಸ್ವಲ್ಪ ತಡವಾಗುತ್ತದೆ, ಅದಕ್ಕೇ ಸರಿಯಿರುವ ಕಾಲಿನ ಉಗುರನ್ನೂ ಒತ್ತಿ ಹೋಲಿಸಬೇಕು.
3. ಬಿಸುಪು. ಕೈಯ ಹಿಂಭಾಗದಿಂದ ಮುಟ್ಟಿ. ಒಂದು ಪಾದ ಬೆಚ್ಚಗಿದ್ದು ಪೆಟ್ಟಾದದ್ದು ತಣ್ಣಗಿದ್ದರೆ ಗಮನಿಸಿ.
4. ಸ್ಪರ್ಶ. ಕಣ್ಣು ಮುಚ್ಚಿಸಿ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಜಾಗವನ್ನೂ ಮಿಕ್ಕ ಬೆರಳುಗಳನ್ನೂ ಮೆಲ್ಲಗೆ ಮುಟ್ಟಿ. ಮುಟ್ಟಿದ್ದು ಗೊತ್ತಾಗುತ್ತಿದೆಯೇ? ಜೋಮು, ಸೂಜಿ ಚುಚ್ಚಿದಂತೆ ಆಗುತ್ತಿದೆಯೇ?
5. ಚಲನೆ. ಬೆರಳನ್ನು ಮೇಲಕ್ಕೆ ಎತ್ತಲು, ಕೆಳಕ್ಕೆ ಮಡಚಲು ಹೇಳಿ. ಮಡಚಲು ಬರುತ್ತದೆ, ಎತ್ತಲು ಆಗುತ್ತಿಲ್ಲ ಎಂದರೆ ಅದು ಬೇರೆಯೇ ಸೂಚನೆ: ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಅಡಿಯಲ್ಲೇ ಹಾದುಹೋಗುವ ನರದ ಮೇಲೆ ಪ್ಲಾಸ್ಟರ್ ಒತ್ತುತ್ತಿರಬಹುದು. ಇದೂ ಕೂಡಲೇ ತೋರಿಸಬೇಕಾದ ವಿಷಯ.
6. ನೋವು. ಕೊನೆಗೆ, ನೀವೇ ಬೆರಳುಗಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಚಾಚಿಸಿ. ಮೀನಖಂಡದ ಆಳದಲ್ಲಿ ಚೀರುವಂಥ ನೋವು ಬಂದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ.

ಕೈಗೆ ಪ್ಲಾಸ್ಟರ್ ಆಗಿದ್ದರೂ ಇದೇ ಕ್ರಮ. ಐದೂ ಬೆರಳುಗಳನ್ನು ಅಗಲಿಸಲು, ಮುಷ್ಟಿ ಹಿಡಿಯಲು ಹೇಳಿ.

ಪ್ರತಿ ಸಲವೂ ಸಮಯ ಬರೆದು, ಕಂಡದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. "ರಾತ್ರಿ 10, ಬಣ್ಣ ಸರಿ, ಬೆರಳು ಆಡುತ್ತಿದೆ, ನೋವು ಮುಂಚಿಗಿಂತ ಜಾಸ್ತಿ." ಆಸ್ಪತ್ರೆಗೆ ಫೋನ್ ಮಾಡಿದಾಗ ಇಂಥ ನಾಲ್ಕು ಸಾಲು ಓದಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆಪರೇಷನ್ ಆದವರಿಗೆ ನೋವು ಗೊತ್ತಾಗದೇ ಹೋಗಬಹುದು. ಅಂಥವರು "ಏನೂ ನೋವಿಲ್ಲ" ಅಂದರೆ ನೆಮ್ಮದಿಪಡಬೇಡಿ. ಬಣ್ಣ, ಬಿಸುಪು, ಉಗುರನ್ನು ಇನ್ನೂ ಹೆಚ್ಚು ಸಲ ನೋಡಿ.

### ಕೂಡಲೇ ಹೊರಡಬೇಕಾದ ಸೂಚನೆಗಳು

ಮಾತ್ರೆ ಕೊಟ್ಟು, ಕಾಲು ಎತ್ತಿಟ್ಟು ಒಂದು ಗಂಟೆಯಾದರೂ ನೋವು ಏರುತ್ತಲೇ ಇದ್ದರೆ ಹೊರಡಿ. ನಾಡಿ ಸಿಗುತ್ತಿದೆ, ಬೆರಳು ಕೆಂಪಗೇ ಇದೆ ಎಂದು ನಿಲ್ಲಬೇಡಿ. ಬಣ್ಣ ಕೆಡುವುದು ಎಷ್ಟೋ ಸಲ ತಡವಾಗಿ. ನೋವು ಮೊದಲು ಹೇಳುತ್ತದೆ. ಬೆರಳು ನೀಲಿ ಅಥವಾ ಬಿಳಿ, ತಣ್ಣಗೆ, ಜೋಮು, ಆಡಿಸಲು ಬಾರದು ಎಂದಾದರೂ ಅಷ್ಟೇ.

ಹೊರಡುವ ಮುಂಚೆ ಮೂರು ಕೆಲಸ. ಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿ, ಅದಕ್ಕಿಂತ ಮೇಲೆ ಎತ್ತಬೇಡಿ, ಐಸ್ ಇಟ್ಟಿದ್ದರೆ ತೆಗೆಯಿರಿ. ಆಪರೇಷನ್ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಹಾಕಿರುವುದು ಸ್ಲ್ಯಾಬ್ ಆಗಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮೇಲಿನ ಬ್ಯಾಂಡೇಜನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಬಿಡಿಸಿ, ಸ್ಲ್ಯಾಬನ್ನು ಅಲ್ಲೇ ಆಸರೆಯಾಗಿ ಉಳಿಸಬಹುದು. ಪೂರ್ತಿ ಪ್ಲಾಸ್ಟರನ್ನು ಮಾತ್ರ ಕತ್ತಿ, ಗರಗಸ ಹಿಡಿದು ಮನೆಯಲ್ಲಿ ಕೊಯ್ಯಬಾರದು.

108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಸಿಗದ ಜಾಗವಾದರೆ ಯಾರ ಮನೆಯ ಹತ್ತಿರ, ಯಾವ ತಿರುವಿನಲ್ಲಿ ಸಿಗ್ನಲ್ ಬರುತ್ತದೆ ಎಂದು ಮೊದಲ ದಿನವೇ ತಿಳಿದಿಟ್ಟುಕೊಳ್ಳಿ. ಯಾವ ಆಸ್ಪತ್ರೆಗೆ ಎಂಬುದೂ ತೀರ್ಮಾನವಾಗಿರಬೇಕು. ಹೊರಡುವಾಗಲೇ ಫೋನ್ ಮಾಡಿ ಮೂಳೆ ಡಾಕ್ಟರು ಇದ್ದಾರೆಯೇ ಎಂದು ಕೇಳಿ. ವಿರಾಜಪೇಟೆಗೆ ಹೋಗಿ, ಅಲ್ಲಿಂದ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ ಎಂದು ಸುತ್ತುವುದರಲ್ಲೇ ಆ ಆರು ಗಂಟೆ ಮುಗಿದುಹೋಗುತ್ತದೆ.

ಮಳೆಗಾಲದಲ್ಲಿ ಇನ್ನೂ ಬೇಗ ಹೊರಡಬೇಕು. ಕರಡಿಗೋಡಿನ ಕಡೆ ಹೊಳೆ ಏರುತ್ತಿದ್ದರೆ, ದಾರಿಗೆ ಮರ ಬೀಳುವಂಥ ಗಾಳಿಯಿದ್ದರೆ, ಅನುಮಾನ ಬಂದ ಸಂಜೆಯೇ ಪೇಟೆಯಲ್ಲಿರುವ ನೆಂಟರ ಮನೆ ಸೇರಿಕೊಳ್ಳುವುದು ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋದದ್ದು ನೆನಪಿದೆ ಅಲ್ವಾ?

## ಹಂತ 3: ಊತ ಇಳಿಸುವುದು

ಮಲಗಿದಾಗ ಕಾಲ್ಬೆರಳು ಮೂಗಿಗಿಂತ ಮೇಲಿರಲಿ. ಮೊದಲ ಎರಡು ಮೂರು ದಿನ ಹೆಚ್ಚು ಹೊತ್ತು ಹೀಗೇ ಇರಬೇಕು. ದಿಂಬನ್ನು ಮೊಣಕಾಲಿನ ಅಡಿಗೆ ಮಾತ್ರ ತುರುಕಬೇಡಿ. ಮೀನಖಂಡದ ಉದ್ದಕ್ಕೂ ಆಸರೆ ಕೊಟ್ಟು, ಹಿಮ್ಮಡಿ ಮಾತ್ರ ದಿಂಬಿನ ಅಂಚಿನಿಂದ ಹೊರಗೆ, ಗಾಳಿಯಲ್ಲಿರಲಿ. ಹಿಮ್ಮಡಿಯ ಹುಣ್ಣಿಗೆ ದೊಡ್ಡ ಕಾರಣ ದಿನವಿಡೀ ಅದು ದಿಂಬಿನ ಮೇಲೆ ಒತ್ತಿಕೊಂಡಿರುವುದು.

ಕೈಯಾದರೆ ಜೋಳಿಗೆಯಲ್ಲಿ ಅಂಗೈ ಮೊಣಕೈಗಿಂತ ಮೇಲಿರಬೇಕು. ಬಟ್ಟೆ ಸಡಿಲವಾಗಿ ಕೈ ಹೊಟ್ಟೆಯ ಮಟ್ಟಕ್ಕೆ ಇಳಿಯುತ್ತದೆ, ಬೆರಳು ಊದುತ್ತದೆ, ಪ್ಲಾಸ್ಟರ್ ಬಿಗಿಯಾಯಿತು ಎಂದು ಗಾಬರಿಯಾಗುತ್ತದೆ. ಗಂಟನ್ನು ಕುತ್ತಿಗೆಯ ಪಕ್ಕಕ್ಕೆ ಸರಿಸಿ, ಮೇಲಕ್ಕೆ ಕಟ್ಟಿ.

ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಣ ಬಟ್ಟೆ ಸುತ್ತಿ, 15ರಿಂದ 20 ನಿಮಿಷ ಇಡಬಹುದು. ಹಸಿ ಪ್ಲಾಸ್ಟರಿನ ಮೇಲೆ ನೀರು ಸೋರಬಾರದು. ಬಿಸಿ ಶಾಖ, ಎಣ್ಣೆ ಹಚ್ಚಿ ನೀವುವುದು ಈ ದಿನಗಳಲ್ಲಿ ಬೇಡವೇ ಬೇಡ; ಎರಡೂ ಊತ ಹೆಚ್ಚಿಸುತ್ತವೆ.

## ಹಂತ 4: ಪ್ಲಾಸ್ಟರ್ ಒಣಗಿಸುವುದು

ಪಿ.ಒ.ಪಿ. ಕೆಲವೇ ನಿಮಿಷದಲ್ಲಿ ಗಟ್ಟಿಯಾದಂತೆ ಕಾಣುತ್ತದೆ. ಪೂರ್ತಿ ಒಣಗಲು 24ರಿಂದ 72 ಗಂಟೆ ಬೇಕು. ಜುಲೈ ತಿಂಗಳ ಕೊಡಗಿನಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಹಾಗಾಗಿ ಮೂರು ದಿನ ಪೂರ್ತಿ ಕೊಡಿ. ಫೈಬರ್ ಆದರೆ ಒಂದು ಗಂಟೆಯೊಳಗೆ ಗಟ್ಟಿಯಾಗುತ್ತದೆ.

ಒಣಗಿದ ಪಿ.ಒ.ಪಿ. ಬೆಳ್ಳಗೆ ಹೊಳೆಯುತ್ತದೆ, ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಒಣಗದ್ದು ಬೂದುಬಣ್ಣ, ಮುಟ್ಟಿದರೆ ತಣ್ಣಗೆ, ತಟ್ಟಿದರೆ ಮಂಕು ಸದ್ದು, ಹತ್ತಿರ ಮೂಗಿಟ್ಟರೆ ಮುಗ್ಗಿದ ವಾಸನೆ.

ಒಣಗುವವರೆಗೆ ಅಂಗೈಯಿಂದ ಮಾತ್ರ ಎತ್ತಿ, ಬೆರಳ ತುದಿಯಿಂದ ಹಿಡಿಯಬೇಡಿ. ಬೆರಳು ಒತ್ತಿದ ಕುಳಿ ಒಳಗೂ ಮೂಡಿ, ಚರ್ಮವನ್ನು ಒತ್ತುತ್ತಾ ಕೂರುತ್ತದೆ. ಕಂಬಳಿ ಹೊದಿಸಬೇಡಿ, ಪ್ಲಾಸ್ಟರ್ ಗಾಳಿಗೆ ತೆರೆದಿರಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೈಗೆ ಚಳಿಯಾದರೆ ಮೈಗೆ ಮಾತ್ರ ಹೊದಿಸಿ.

ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಪಕ್ಕದಲ್ಲೇ ಒಣಗಿಸಿ ರೂಢಿ. ಪ್ಲಾಸ್ಟರ್ ಹಾಕಿದ ಕಾಲನ್ನೂ ಹಾಗೆ ಒಲೆಗೆ ಚಾಚಿ ಕೂರಿಸುವುದನ್ನು ಇವತ್ತಿಗೂ ಕಾಣುತ್ತೇವೆ. ದಯವಿಟ್ಟು ಬೇಡ. ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಬಿರುಕು ಬಿಡುತ್ತದೆ, ಒಳಗಿನ ಚರ್ಮ ಸುಟ್ಟರೂ ಹೊರಗೆ ಗೊತ್ತಾಗುವುದಿಲ್ಲ. ಫ್ಯಾನ್ ಸಾಕು. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿ ಮಾತ್ರ.

## ಹಂತ 5: ನೋವಿನ ಮಾತ್ರೆ

ಬರೆದುಕೊಟ್ಟಷ್ಟು ದಿನ ಹೊತ್ತಿಗೆ ಸರಿಯಾಗಿ ಕೊಡಿ. ಹೊಟ್ಟೆ ಖಾಲಿ ಇರಬಾರದು. ಪ್ಯಾರಾಸಿಟಮಾಲ್ ಬೇರೆ ಬೇರೆ ಹೆಸರಿನಲ್ಲಿ ಬರುವುದರಿಂದ, ಜ್ವರಕ್ಕೆಂದು ಮನೆಯಲ್ಲಿದ್ದ ಮಾತ್ರೆಯನ್ನೂ ಜೊತೆಗೆ ಕೊಟ್ಟು ಎರಡು ಪಟ್ಟು ಮಾಡಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ನೋವು ಮರೆಯಲೆಂದು ಸಂಜೆ ಒಂದು ಪೆಗ್ ಕೊಡುವುದು ಇಲ್ಲಿ ಹಲವು ಮನೆಗಳಲ್ಲಿದೆ. ಮಾತ್ರೆಯೂ ಮದ್ಯವೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಲಿವರಿಗೆ ಪೆಟ್ಟು, ತಲೆ ತಿರುಗಿ ಬೀಳುವುದು ಎಲ್ಲಕ್ಕೂ ದಾರಿ. ಅದಕ್ಕಿಂತ ಮುಖ್ಯವಾಗಿ, ಎರಡನೇ ಹಂತದಲ್ಲಿ ಹೇಳಿದ ನೋವಿನ ಸೂಚನೆಯೇ ಮುಚ್ಚಿಹೋಗುತ್ತದೆ.

## ಹಂತ 6: ತುರಿಕೆ, ವಾಸನೆ, ನೀರು

ಎರಡನೇ ವಾರಕ್ಕೆ ತುರಿಕೆ ಶುರು. ಸ್ಕೇಲು, ಕೊಡೆಯ ಕಡ್ಡಿ, ತೆಂಗಿನ ಕಡ್ಡಿ ಒಳಗೆ ಹೋಗುವ ಕಾಲವೂ ಇದೇ. ಒಳಗೆ ಗೀರಾದರೆ ಹೊರಗಿನಿಂದ ಕಾಣುವುದಿಲ್ಲ, ಕೀವಾದ ಮೇಲೆಯೇ ತಿಳಿಯುವುದು. ಪ್ಲಾಸ್ಟರಿನ ಮೇಲೆ ತಟ್ಟಿ, ತಣ್ಣನೆ ಗಾಳಿ ಬಿಡಿ, ತಡೆಯದಿದ್ದರೆ ಡಾಕ್ಟರ ಹತ್ತಿರ ಮಾತ್ರೆ ಕೇಳಿ. ಪೌಡರ್ ಸುರಿಯಬೇಡಿ, ಒಳಗೆ ಗಂಟುಕಟ್ಟುತ್ತದೆ. ಮಕ್ಕಳಾದರೆ ಬಳಪ, ನಾಣ್ಯ ಒಳಗೆ ಹಾಕಿದ್ದಾರೆಯೇ ಎಂದು ಆಗಾಗ ಟಾರ್ಚ್ ಬಿಟ್ಟು ನೋಡಿ.

ದಿನಕ್ಕೊಮ್ಮೆ ಪ್ಲಾಸ್ಟರಿನ ಎರಡೂ ಬಾಯಿಗಳ ಹತ್ತಿರ ಮೂಗಿಟ್ಟು ವಾಸನೆ ನೋಡಿ. ಬೆವರಿನ ವಾಸನೆ ಬೇರೆ, ಕೊಳೆತ ವಾಸನೆ ಬೇರೆ. ಕೊಳೆತ ವಾಸನೆ, ಪ್ಲಾಸ್ಟರಿನ ಒಂದೇ ಜಾಗದಲ್ಲಿ ಬಿಸಿ, ಹೊರಗೆ ಕಲೆ ಮೂಡುವುದು, ಜ್ವರ, ಒಂದೇ ಬಿಂದುವಿನಲ್ಲಿ ಉರಿ ಇದ್ದು ಅದು ತಾನಾಗಿ ಮಾಯವಾಗುವುದು ಎಲ್ಲವೂ ಒಳಗೆ ಹುಣ್ಣಾಗಿದೆ ಎಂಬುದರ ಸೂಚನೆಯಾಗಿರಬಹುದು. ಉರಿ ನಿಂತಿತು ಎಂದು ಸಮಾಧಾನಪಡಬೇಡಿ. ಚರ್ಮ ಸತ್ತರೂ ಉರಿ ನಿಲ್ಲುತ್ತದೆ.

ಸ್ನಾನಕ್ಕೆ ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟರಿಗೆ ಎರಡು ಚೀಲ ಸುತ್ತಿ ಬಾಯಿಗೆ ಅಂಟುಪಟ್ಟಿ ಹಾಕಿ, ಕಾಲನ್ನು ನೀರಿನಿಂದ ಹೊರಗಿಟ್ಟು ಮಿಂದರೆ ಸಾಕು. ಮೈ ಒರೆಸಿದರೂ ನಡೆಯುತ್ತದೆ. ಚೀಲವನ್ನು ಕೂಡಲೇ ತೆಗೆಯಿರಿ, ಒಳಗೆ ಬೆವರುತ್ತದೆ. ಫೈಬರ್ ನೀರಿಗೆ ಕರಗುವುದಿಲ್ಲ, ಆದರೆ ಒಳಗಿನ ಹತ್ತಿ ನೆನೆದರೆ ಚರ್ಮ ಕೊಳೆಯುತ್ತದೆ. ಒಳಗೆ ನೀರು ಹೋಯಿತು ಅಥವಾ ಪ್ಲಾಸ್ಟರ್ ಮೆತ್ತಗಾಯಿತು ಎಂದರೆ ಬದಲಿಸಲೇಬೇಕು. ಅದರ ಮೇಲೇ ಇನ್ನೊಂದು ಬ್ಯಾಂಡೇಜ್ ಸುತ್ತಿ ದಿನ ತಳ್ಳಬೇಡಿ. ಊತ ಇಳಿದ ಮೇಲೆ ಪ್ಲಾಸ್ಟರ್ ಸಡಿಲವಾಗಿ ಕಾಲು ಒಳಗೆ ಅಲುಗಾಡುತ್ತಿದ್ದರೂ ತೋರಿಸಿ, ಮೂಳೆ ಜಾರುವ ಸಂಭವವಿದೆ.

## ಹಂತ 7: ಮಲಗಿದವರ ಮೈ ನೋಡಿಕೊಳ್ಳುವುದು

ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟದ ಹಿಂಭಾಗ, ಹಿಮ್ಮಡಿ, ಮೊಣಕೈ ದಿನಾ ನೋಡಿ. ಕೆಂಪಾದ ಜಾಗವನ್ನು ಒತ್ತಿದಾಗ ಬೆಳ್ಳಗಾಗದಿದ್ದರೆ ಅದು ಹುಣ್ಣಿನ ಮೊದಲ ಮೆಟ್ಟಿಲು. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಮಲಗಿಸಬೇಡಿ. ವಯಸ್ಸಾದವರು ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅವರಿಗೆ ಬೆಡ್‌ಪ್ಯಾನ್ ಕೊಡಲು ಮುಜುಗರವಿಲ್ಲದ ಒಬ್ಬರನ್ನು ಮನೆಯಲ್ಲಿ ಗೊತ್ತುಮಾಡಿ, ಬಾಗಿಲು ಮುಚ್ಚಿ. ತೋಟದ ಕೆಲಸಗಾರರ ಲೈನ್‌ಮನೆಯ ಒಂದೇ ಕೋಣೆಯಲ್ಲಾದರೆ ಒಂದು ಸೀರೆಯನ್ನು ಪರದೆಯಾಗಿ ಕಟ್ಟಿದರೂ ಸಾಕು. ಆ ಮರ್ಯಾದೆ ಸಿಕ್ಕರೆ ನೀರೂ ಕುಡಿಯುತ್ತಾರೆ, ಮಲಬದ್ಧತೆಯೂ ಕಡಿಮೆ.

ಎದೆಯ ಕಡೆಗೂ ಗಮನವಿರಲಿ. ತೊಡೆ, ಕಾಲಿನ ದೊಡ್ಡ ಮೂಳೆ ಮುರಿದವರಿಗೆ ಮೊದಲ ಒಂದರಿಂದ ಮೂರು ದಿನದಲ್ಲಿ ಉಸಿರು ಕಟ್ಟುವುದು, ಮಾತು ತಡವರಿಸುವುದು, ಎದೆ ಅಥವಾ ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಕಂಡರೆ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿರಬಹುದು. ಆಮೇಲಿನ ವಾರಗಳಲ್ಲಿ ಮೀನಖಂಡ ಅಥವಾ ತೊಡೆ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಎರಡಕ್ಕೂ 108. ನೋಯುವ ಮೀನಖಂಡವನ್ನು ನೀವಬೇಡಿ.

## ಹಂತ 8: ಆಡಿಸುವುದು, ನಡೆಯುವುದು

ಪ್ಲಾಸ್ಟರಿನ ಹೊರಗಿರುವ ಕೀಲುಗಳು ಸುಮ್ನೆ ಇರಬಾರದು. ಡಾಕ್ಟರು ಬೇಡ ಎನ್ನದಿದ್ದರೆ ಬೆರಳುಗಳನ್ನು ಗಂಟೆಗೊಮ್ಮೆ ಹತ್ತು ಸಲ ಆಡಿಸಿ. ಮಣಿಕಟ್ಟಿನ ಪ್ಲಾಸ್ಟರಿನವರು ಭುಜವನ್ನು ಮರೆಯುತ್ತಾರೆ, ಆರು ವಾರದ ಮೇಲೆ ಕೈಯೆತ್ತಿ ತಲೆ ಬಾಚಲು ಆಗುವುದಿಲ್ಲ. ದಿನಾ ಭುಜ ಎತ್ತಿಸಿ. ಕಾಲಿನವರು, ಅನುಮತಿ ಇದ್ದರೆ, ತೊಡೆಯ ಮಾಂಸಖಂಡವನ್ನು ಬಿಗಿಹಿಡಿದು ಐದು ಎಣಿಸಿ ಬಿಡಬೇಕು. ಇದನ್ನೂ ಹತ್ತು ಸಲ, ದಿನಕ್ಕೆ ಮೂರ್ನಾಲ್ಕು ಹೊತ್ತು.

ಊರುಗೋಲಿನ ಎತ್ತರ ಮುಖ್ಯ. ಕಂಕುಳಿಗೂ ಊರುಗೋಲಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ, ಹಿಡಿ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಭಾರ ಅಂಗೈ ಮೇಲೆ. ಕಂಕುಳಲ್ಲಿ ತೂಗಿಕೊಂಡು ನಡೆದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಬೇರೆಯವರ ಊರುಗೋಲು ಎರವಲು ತಂದರೆ ಈ ಅಳತೆಯನ್ನು ಮೊದಲು ಸರಿಮಾಡಿ.

ಮೆಟ್ಟಿಲಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಆಮೇಲೆ ಪೆಟ್ಟಾದ ಕಾಲು ಮತ್ತು ಊರುಗೋಲು. ಇಳಿಯುವಾಗ ಊರುಗೋಲು ಮತ್ತು ಪೆಟ್ಟಾದ ಕಾಲು ಮೊದಲು. ಕೊಡಗಿನ ಮನೆಗಳಲ್ಲಿ ಅಂಗಳಕ್ಕೆ ಇಳಿಯಲು ಮೆಟ್ಟಿಲು ಇದ್ದೇ ಇರುತ್ತದೆ, ಟಾಯ್ಲೆಟ್ ಎಷ್ಟೋ ಕಡೆ ಹೊರಗಿದೆ. ಮಳೆ ಬರುವ ರಾತ್ರಿ ಹೊರಗೆ ನಡೆಸಬೇಡಿ, ಕಮೋಡ್ ಕುರ್ಚಿಯನ್ನು ಒಳಗೇ ಇಡಿ. ಮೊದಲೇ ಮೊಣಕಾಲು ಸವೆದು ನೋಯುತ್ತಿರುವ ಹಿರಿಯರಿಗೆ ಊರುಗೋಲಿಗಿಂತ ವಾಕರ್ ಒಳ್ಳೆಯದು. ಮುರಿಯದ ಕಾಲಿನ ಮೇಲೆ ಎಲ್ಲ ಭಾರ ಬಿದ್ದು ಅದೂ ಊದುತ್ತದೆ, ಹಾಗಾಗಿ ನಡಿಗೆಯನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿಸಿ.

## ಹಂತ 9: ಊಟ

ಮೊಟ್ಟೆ, ಮೀನು, ಬೇಳೆ, ಹಾಲು, ರಾಗಿ, ಸೊಪ್ಪು. ಹಸಿವಾದಷ್ಟು ಮನೆಯ ಊಟವೇ ಸಾಕು. ಕಾಲು ಸೂಪು ಬೇಕಾದರೆ ಕುಡಿಯಲಿ, ಆದರೆ ಅದರಿಂದಲೇ ಮೂಳೆ ಬೇಗ ಕೂಡುವುದಿಲ್ಲ. ಯೂರಿಕ್ ಆಸಿಡ್ ಹೆಚ್ಚಿ ಕೀಲು ಊದುವ ಕಾಯಿಲೆ ಇದ್ದವರಿಗೆ ಹಂದಿಮಾಂಸ, ಲಿವರ್, ಬಿಯರ್ ಈ ದಿನಗಳಲ್ಲಿ ಬೇಡ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಜವಾಗಿಯೂ ನಿಧಾನ ಮಾಡುತ್ತದೆ. ಬಿಡಿಸಲು ಇದು ಒಳ್ಳೆಯ ಅವಕಾಶ.

## ಹಂತ 10: ಪ್ಲಾಸ್ಟರ್ ತೆಗೆದ ಮೇಲೆ

ಮಣಿಕಟ್ಟಿನ ಸಾಮಾನ್ಯ ಮುರಿತಕ್ಕೆ ಸುಮಾರು 6 ವಾರ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಮೂರು ನಾಲ್ಕು ತಿಂಗಳೂ ಹಿಡಿಯಬಹುದು. ನೋವು ನಿಂತಿತು, ಕಾಫಿ ಕೊಯ್ಲು ಬಂತು ಎಂದು ಎಕ್ಸ್‌ರೇ ಆಗುವ ಮುಂಚೆಯೇ ನೀರಲ್ಲಿ ನೆನೆಸಿ ಬಿಚ್ಚುವವರಿದ್ದಾರೆ. ನೋವಿಲ್ಲ ಎಂದರೆ ಮೂಳೆ ಗಟ್ಟಿಯಾಗಿದೆ ಎಂದಲ್ಲ.

ಬಿಚ್ಚಿದಾಗ ಕಾಲು ಸಣಕಲಾಗಿ, ಚರ್ಮ ಹೊಟ್ಟುಗಟ್ಟಿ, ಕೂದಲು ಹೆಚ್ಚಾಗಿ ಕಾಣುತ್ತದೆ. ಹೆದರಬೇಡಿ. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಮೆಲ್ಲಗೆ ತೊಳೆದು, ತೆಂಗಿನೆಣ್ಣೆ ಸವರಿ. ಹೊಟ್ಟನ್ನು ಒಂದೇ ದಿನದಲ್ಲಿ ಉಜ್ಜಿ ತೆಗೆಯಬೇಡಿ, ಅಡಿಯ ಚರ್ಮ ಎಳೆಯದು. ಸಂಜೆ ಹೊತ್ತಿಗೆ ಪಾದ ಊದುವುದು ಕೆಲವು ವಾರ ಇರುತ್ತದೆ. ಎತ್ತಿಟ್ಟರೆ ಬೆಳಿಗ್ಗೆಗೆ ಇಳಿಯಬೇಕು.

ಈ ಹೊತ್ತಿಗೆ ಯಾರಾದರೂ ನಾಟಿ ಕಟ್ಟು ಹಾಕುವವರ ಹತ್ತಿರ ಕರೆದೊಯ್ಯಲು ಬಂದೇ ಬರುತ್ತಾರೆ. ಕೀಲು ಬಿಗಿಯಾಗಿದೆ ಎಂದು ಜಗ್ಗಿ ಮಡಚಿಸುವುದು, ಬಿದಿರಿನ ದಬ್ಬೆ ಇಟ್ಟು ಮತ್ತೆ ಬಿಗಿದು ಕಟ್ಟುವುದು ಎರಡರಿಂದಲೂ ಹೊಸ ಮೂಳೆ ಮತ್ತು ರಕ್ತಸಂಚಾರಕ್ಕೆ ಅಪಾಯ. ಕೀಲನ್ನು ರೋಗಿಯೇ ತನ್ನ ಬಲದಿಂದ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ ಆಡಿಸಬೇಕು. ಫಿಸಿಯೋಥೆರಪಿಗೆ ವಾರವಾರ ಪೇಟೆಗೆ ಹೋಗಲು ಆಗದಿದ್ದರೆ ಮೊದಲ ಭೇಟಿಯಲ್ಲೇ ಮನೆಯವರೊಬ್ಬರು ಜೊತೆಗಿದ್ದು, ವ್ಯಾಯಾಮ ಮಾಡಿಸುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ತೋಟದ ಕೆಲಸಕ್ಕೆ ಮರಳುವುದಾದರೆ ಮೊದಲು ಸಮತಟ್ಟಾದ ಕಣದ ಕೆಲಸ, ಆಮೇಲೆ ಇಳಿಜಾರು, ಕೊನೆಗೆ ಏಣಿ. ಏಣಿಗೆ ಡಾಕ್ಟರ ಒಪ್ಪಿಗೆ ಬೇಕು ಎಂದು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ಮೊದಲೇ ತಿಳಿಸಿ. ಸಾಧ್ಯವಾದರೆ ಅದನ್ನು ಚೀಟಿಯಲ್ಲೇ ಬರೆಸಿಕೊಂಡು ಹೋಗಿ.